ಮನೆ ಸಾಗಿಸುವ ಕಂಪನಿಯೂ ಮೂವತ್ತೊಂದು ಚೀಲವೂ

ದಣಿವು ಎನ್ನುವುದು ನನಗೆ ಕೈಕಾಲಿನಿಂದ ಶುರುವಾಗುವುದಿಲ್ಲ. "ನಮ್ಮನೇಲಿ ಎಂತ ಇದ್ದು ಮಹಾ? ನಾಲ್ಕು ಪಾತ್ರೆ, ಎರಡು ಮಂಚ" ಎಂಬ ನಮ್ಮವರ ಮಾತಿನಿಂದ ಶುರುವಾಗುತ್ತದೆ. ಮದುವೆಯಾದಂದಿನಿಂದ ನಾಲ್ಕು ಬಾಡಿಗೆ ಮನೆ ಬದಲಿಸಿದ್ದೇವೆ. ನಾಲ್ಕು ಸಲವೂ, ವರ್ಗದ ಆದೇಶ ಬಂದ ಸಂಜೆ, ಬ್ಯಾಂಕಿನಿಂದ ಬಂದು ಅಂಗಿಯನ್ನು ಮೊಳೆಗೆ ನೇತುಹಾಕುತ್ತ ಅವರು ಇದೇ ಮಾತನ್ನು ಇದೇ ಧಾಟಿಯಲ್ಲಿ ಹೇಳಿದ್ದಾರೆ. ಆ ನಾಲ್ಕು ಪಾತ್ರೆಗಳು ಅಡಿಗೆಮನೆಯ ಮೂರು ಗೋಡೆ ತುಂಬಿ ಅಟ್ಟವನ್ನೂ ಹತ್ತಿವೆ. ಮದುವೆಗೆ ಉಡುಗೊರೆಯಾಗಿ ಬಂದ, ಹಾಲು ಕಾಯಿಸುವ ಸೀಟಿ ಪಾತ್ರೆಗಳೇ ಐದು. ಅವುಗಳಲ್ಲಿ ನಾಲ್ಕರ ಸೀಟಿ ಈವರೆಗೆ ಒಮ್ಮೆಯೂ ಕೂಗಿಲ್ಲ. ಮನೆ ಬದಲಿಸುವಾಗಲೆಲ್ಲ ಅವು ಅಟ್ಟದಿಂದ ಇಳಿದು, ಮೈ ಒರೆಸಿಕೊಂಡು, ಇನ್ನೊಂದು ಅಟ್ಟ ಹತ್ತುತ್ತವೆ. ಇಷ್ಟು ತಿರುಗಿಯೂ ಒಲೆಯ ಮುಖ ಕಾಣದ ಪಾತ್ರೆಗಳು.

ಈ ಸಲದ ವರ್ಗ ಶಿರಸಿಯಿಂದ ಯಲ್ಲಾಪುರಕ್ಕೆ. ಕೇಳಿದವರೆಲ್ಲ ನಕ್ಕರು. ಅದೂ ಒಂದು ವರ್ಗವೇ, ಬಸ್ಸು ಹತ್ತಿ ಕಣ್ಣು ಮುಚ್ಚುವಷ್ಟರಲ್ಲಿ ಇಳಿಯುವ ಊರು ಎಂದರು. ನಿಜ, ದೂರ ಕಡಿಮೆ. ಆದರೆ ಕಬ್ಬಿಣದ ಕಪಾಟಿಗೆ ದೂರವೆಂಬುದು ಗೊತ್ತಾಗುವುದಿಲ್ಲ. ಪಕ್ಕದ ಓಣಿಗೆ ಒಯ್ದರೂ ಅದರ ಬಾಗಿಲು ಅಷ್ಟೇ ಓರೆಯಾಗುತ್ತದೆ. ಹಿಂದಿನ ಸಲ ಸಿದ್ದಾಪುರದಿಂದ ಶಿರಸಿಗೆ ಬರುವಾಗ ನಮ್ಮವರ ಕಡೆಯ ಏಳು ಮಂದಿ ನೆಂಟರು "ಸಹಾಯಕ್ಕೆ" ಬಂದಿದ್ದರು. ಅವರು ಅತ್ಯುತ್ಸಾಹದಿಂದ ಮೊದಲು ಅಡಿಗೆ ಪಾತ್ರೆಗಳನ್ನೇ ಕಟ್ಟಿ ಗಾಡಿಗೆ ಹಾಕಿದರು. ಆಮೇಲೆ ಬೆವರು ಒರೆಸಿಕೊಂಡು, ಊಟ ಎಷ್ಟು ಹೊತ್ತಿಗೆ ಎಂದು ನನ್ನನ್ನು ಕೇಳಿದರು. ಆವತ್ತು ಏಳು ಮಂದಿಗೆ ನಾನು ಒಂದು ಸ್ನಾನದ ತಂಬಿಗೆ ಮತ್ತು ಪಕ್ಕದ ಮನೆಯ ಕುಕ್ಕರಿನಲ್ಲಿ ಅಡಿಗೆ ಮಾಡಿದ್ದೇನೆ. ಆ ತಂಬಿಗೆಯಲ್ಲಿ ಕುದಿದದ್ದು ಏನು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹಾಗಾಗಿ ಈ ಸಲ ನಾನು ಮೊದಲೇ ಹೇಳಿಬಿಟ್ಟೆ. "ನೆಂಟರೂ ಬೇಡ, ಇಷ್ಟರೂ ಬೇಡ. ಮನೆ ಸಾಗ್ಸಲೆ ಕಂಪನಿಗಳೇ ಇರ್ತು. ಈ ಸಲ ಎಲ್ಲಾ ಆನೇ ನೋಡಿಕೊಳ್ತೆ, ನಿಂಗ ಎಂತದೂ ಮಾತಾಡಡಿ."

"ಕಂಪನಿ ಎಂತಕ್ಕೆ ಮಾರಾಯ್ತಿ? ಗಾಡಿ ಖಾದರಣ್ಣ ಇದ್ನಲೇ. ಒಂದು ಫೋನ್ ಮಾಡಿದ್ರೆ ಬತ್ತ" ಎಂದರು ಅವರು. ನಾನು ಕೇಳಿಸಿಕೊಳ್ಳದವಳಂತೆ ಫೋನು ಕೈಗೆತ್ತಿಕೊಂಡು ಕುಳಿತೆ.

ಶಿರಸಿಯಲ್ಲಿ ಮನೆ ಸಾಗಿಸುವವರು ಎಂದು ಹುಡುಕಿದರೆ ಫೋನು ಹುಬ್ಬಳ್ಳಿಯ ಹೆಸರುಗಳನ್ನು ತೋರಿಸಿತು. ಒಂದನ್ನು ಒತ್ತಿದ್ದೇ ತಡ, ಎರಡು ದಿನ ಯಾರು ಯಾರೋ ಹಿಂದಿಯಲ್ಲಿ ಕರೆ ಮಾಡಿ ಶಿರಸಿ ಯಾವ ರಾಜ್ಯದಲ್ಲಿದೆ ಎಂದು ಕೇಳಿದರು. ನಾನು ಓದಿದ್ದು ಕಾನ್ವೆಂಟಿನಲ್ಲಿ. ನಮಗೆ ಇಂಗ್ಲಿಷು ಕಲಿಸಿದ ಸಿಸ್ಟರು ಬಲು ಕಟ್ಟುನಿಟ್ಟು. ಮನೆ ಸಾಮಾನು ಸಾಗಿಸುವುದಕ್ಕೆ ಶಿಫ್ಟಿಂಗ್ ಎಂದರೆ ಅವರ ಹುಬ್ಬು ಗಂಟಾಗುತ್ತಿತ್ತು, ರಿಮೂವಲ್ ಎನ್ನಬೇಕು. ಅವರ ಹುಬ್ಬು ನೆನಪಾಗಿ ನಾನು ನೀಟಾದ ಇಂಗ್ಲಿಷಿನಲ್ಲಿ ಬೆರಳಚ್ಚಿಸಿದೆ: ಹಳೆಯ ಪಟ್ಟಣ, ಕಿರಿದಾದ ಓಣಿ, ನಂಬಿಕಸ್ಥ ಸ್ಥಳೀಯ ರಿಮೂವಲ್ ಕಂಪನಿ ಬೇಕು. ಫೋನು ಈ ಸಲ ತಡವರಿಸದೆ ನನ್ನನ್ನು ನೇರವಾಗಿ ಇಂಗ್ಲೆಂಡಿಗೆ ಕರೆದುಕೊಂಡು ಹೋಯಿತು.

ಯಾವುದೋ ಕೋಟೆ ಗೋಡೆಯ ಒಳಗಿನ ಪುಟ್ಟ ಊರು. ಕಲ್ಲು ಹಾಸಿದ ಓಣಿಗಳು, ತಲೆ ತಗ್ಗಿಸಿ ದಾಟಬೇಕಾದ ಕಮಾನುಗಳು. ಅಲ್ಲೊಂದು ಕುಟುಂಬ ಮೂರು ತಲೆಮಾರಿನಿಂದ ಮನೆ ಸಾಗಿಸುತ್ತಿದೆಯಂತೆ. ದೊಡ್ಡ ಲಾರಿ ಓಣಿಗೆ ಬಾರದೆಂದು ಚಿಕ್ಕ ಗಾಡಿ ಇಟ್ಟಿದ್ದಾರೆ. ಚಹಾದ ಕಪ್ಪು, ಬಸಿಗಳನ್ನು ಒಂದೊಂದಾಗಿ ತೆಳು ಕಾಗದದಲ್ಲಿ ಸುತ್ತುತ್ತಾರೆ. ಮನೆಯ ಬೆಕ್ಕು ಗಾಬರಿಯಾಗದಂತೆ ಮೊದಲ ಟ್ರಿಪ್ಪಿನಲ್ಲೇ ಅದರ ಹಾಸಿಗೆಯನ್ನು ಹೊಸ ಮನೆಗೆ ತಲುಪಿಸುತ್ತಾರೆ. ಒಂದೇ ಒಂದು ಕಟ್ಟುನಿಟ್ಟು: ಗ್ರಾಹಕರು ತಾವೇ ಕಟ್ಟಿದ ಪೆಟ್ಟಿಗೆಯೊಳಗೆ ಏನಾದರೂ ಒಡೆದರೆ ಕಂಪನಿ ಹೊಣೆಯಲ್ಲ. ಕೆಳಗೊಂದು ಅರ್ಜಿ ಇತ್ತು. ಮಹಡಿಗೆ ಮೆಟ್ಟಿಲೆಷ್ಟು, ಪಿಯಾನೋ ಇದೆಯೇ ಎಂದೆಲ್ಲ ಕೇಳಿ ಕೊನೆಗೆ, "ನಿಮಗೆ ವಿಶೇಷವಾಗಿ ಆತಂಕವಿರುವ ವಸ್ತು ಯಾವುದಾದರೂ ಇದೆಯೇ?" ಎಂದು ಕೇಳಿದ್ದರು. ಈ ಪ್ರಶ್ನೆಯನ್ನು ನಾಲ್ಕು ಮನೆ ಬದಲಿಸಿದರೂ ಯಾರೂ ನನ್ನನ್ನು ಕೇಳಿರಲಿಲ್ಲ. ಮಧ್ಯಾಹ್ನದ ಹೊತ್ತು, ಅರ್ಧ ಕಟ್ಟಿದ ಗಂಟುಗಳ ನಡುವೆ ನೆಲದ ಮೇಲೆ ಕುಳಿತಿದ್ದವಳು ಕೈಯ ಹಗ್ಗ ಕೆಳಗಿಟ್ಟೆ. ಅರ್ಜಿ ತುಂಬಿಯೇ ಬಿಟ್ಟೆ. ಅರ್ಧ ಪುಟ ಬರೆದೆ, ಮಿಡಿಯ ಭರಣಿಯ ಬಗ್ಗೆ.

ಭರಣಿಯ ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಅತ್ತೆ ಇರುವುದು ಸಿದ್ದಾಪುರದ ಕಡೆ ನಿಲ್ಕುಂದದಲ್ಲಿ. ವರ್ಷ ವರ್ಷವೂ ಅಪ್ಪೆಮಿಡಿಗೆ ಉಪ್ಪು ಹಾಕುವುದು ಅವರದೇ ಕೈ. ನನ್ನ ಕೈಗೆ ಭರಣಿಯ ಮುಚ್ಚಳ ಹಿಡಿದುಕೊಳ್ಳುವ ಕೆಲಸ ಮಾತ್ರ. ಈ ವರ್ಷ ಅವರಿಗೆ ಭುಜದ ನೋವು ಬಂದು, ಒಂದು ಬುಟ್ಟಿ ಮಿಡಿ ಕಳಿಸಿ, "ಈ ಸಲ ನೀನೇ ಹಾಕು, ನೋಡನ" ಎಂದಿದ್ದರು. ಆ "ನೋಡನ"ದಲ್ಲಿ ಎಷ್ಟು ಅನುಮಾನವಿತ್ತು ಎನ್ನುವುದು ಸೊಸೆಯಾದವಳಿಗೆ ಮಾತ್ರ ಕೇಳಿಸುತ್ತದೆ. ತೊಟ್ಟು ನೋಡಿ ಆರಿಸಿ, ಒಂದೊಂದನ್ನೂ ಒರೆಸಿ, ಉಪ್ಪು ಹಾಕಿದ್ದೆ. ಮಿಡಿ ಉಪ್ಪುನೀರಿನಲ್ಲಿ ನೆನೆದು ಸುಕ್ಕು ಹಿಡಿಯುವ ಹೊತ್ತಿಗೆ ಸರಿಯಾಗಿ ಈ ವರ್ಗ ಬಂತು.

"ಭರಣಿ ಎಂತ ಮಾಡ್ತೆ ಕೂಸೆ?" ಅತ್ತೆಯ ಫೋನು. ಬೇರೆ ಯಾವ ಸಾಮಾನಿನ ಬಗ್ಗೆಯೂ ಅವರು ಕೇಳಲಿಲ್ಲ. "ಗಾಡಿಗೆ ಹಾಕಡ. ಮಿಡಿ ಇನ್ನೂ ಉಪ್ಪು ಕುಡಿತಾ ಇದ್ದು, ಈಗ ಕುಲುಕಿದ್ರೆ ಮೆತ್ತಗಾಗಿ ಹೋಗ್ತು. ಬಸ್ಸಲ್ಲಿ ತೊಡೆ ಮೇಲೆ ಇಟ್ಕಂಡು ಹೋಗು. ಮಾರನೇ ದಿನ ಆನು ಯಲ್ಲಾಪುರಕ್ಕೇ ಬತ್ತೆ. ಊಟಕ್ಕೆ ಅದನ್ನೇ ಬಡ್ಸು, ನೋಡನ."

"ಅಡ್ಡಿಲ್ಲೆ ಅತ್ತೆ" ಎಂದೆ.

ಎರಡು ದಿನದ ಮೇಲೆ ಇಂಗ್ಲೆಂಡಿನಿಂದ ಮಾರ್ಗರೆಟ್ ಎಂಬ ಹೆಂಗಸಿನ ಉತ್ತರ ಬಂತು. ಭರಣಿಯ ವರ್ಣನೆ ಓದಿ ತಮ್ಮ ಕಚೇರಿಯಲ್ಲಿ ಎಲ್ಲರಿಗೂ ಬಾಯಲ್ಲಿ ನೀರೂರಿತು, ಆದರೆ ಶಿರಸಿ ಎಂಬ ಊರು ತಮ್ಮ ಜಿಲ್ಲೆಯಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ, ಕ್ಷಮಿಸಬೇಕು ಎಂದಿತ್ತು. ತಮ್ಮಷ್ಟೇ ಜಾಗ್ರತೆಯ ಸ್ಥಳೀಯರು ನಿಮಗೂ ಸಿಗಲಿ. ಒಡೆಯುವ ವಸ್ತುವಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿರಿ, ಮೇಲ್ಮುಖ ಯಾವುದೆಂದು ಬಾಣ ಹಾಕಿರಿ, ಎಲ್ಲ ಮುಗಿದ ಮೇಲೆ ಹೇಗಾಯಿತೆಂದು ತಿಳಿಸಿರಿ. ಇಷ್ಟು ಮರ್ಯಾದೆಯಿಂದ ನನ್ನನ್ನು ಬೇಡವೆಂದವರು ಇನ್ನೊಬ್ಬರಿಲ್ಲ. ಫೋನು ಕೆಳಗಿಟ್ಟು ನಮ್ಮವರಿಗೆ ಹೇಳಿದೆ: "ಖಾದರಣ್ಣಂಗೇ ಹೇಳಿ." ಅವರು ನಗಲಿಲ್ಲ. ಹೆಂಡತಿ ಸೋತಾಗ ನಗದಿರುವಷ್ಟು ಸಂಸಾರ ಅವರೂ ಮಾಡಿದ್ದಾರೆ.

ಖಾದರಣ್ಣ ಬಂದ. ಅವನದು ಒಂದು ಮಧ್ಯಮ ಗಾತ್ರದ ಗಾಡಿ. ಒಳಗೆ ಕನ್ನಡಿಯ ಹತ್ತಿರ ಒಂದು ಪ್ಲಾಸ್ಟಿಕ್ ಗುಲಾಬಿ, ಅದರ ಮೇಲೆ ನಿಜವಾದ ಧೂಳು. ಮೆಟ್ಟಿಲೆಷ್ಟು, ಪಿಯಾನೋ ಇದೆಯೇ ಎಂದೆಲ್ಲ ಅವನು ಕೇಳಲಿಲ್ಲ. ಬಾಗಿಲಲ್ಲಿ ನಿಂತು ಒಮ್ಮೆ ಒಳಗೆ ಕಣ್ಣಾಡಿಸಿ, "ಎಷ್ಟು ಚೀಲ ಆಗ್ತದೆ ಅಕ್ಕಾ?" ಎಂದ.

"ಚೀಲವಾ? ಪಾತ್ರೆ, ಪುಸ್ತಕ, ಬಟ್ಟೆ, ಗಾಜಿನ ಸಾಮಾನು..."

"ಹಾಂ, ಅದೆಲ್ಲ ಸೇರಿ ಎಷ್ಟು ಚೀಲ?"

ಅರ್ಥವಾದದ್ದು ಮರುದಿನ ಬೆಳಿಗ್ಗೆ. ಅವನು ಕರೆತಂದದ್ದು ಅಡಕೆ ಮಾರುಕಟ್ಟೆಯ ಯಾರ್ಡಿನಲ್ಲಿ ಮೂಟೆ ಹೊರುವ ನಾಲ್ವರು ಹಮಾಲರನ್ನು. ಮುಂದಾಳು ಫಕೀರಪ್ಪ, ಹಾನಗಲ್ಲಿನ ಕಡೆಯವನು. ಹೆಗಲ ಮೇಲೆ ಒಂದು ಕಟ್ಟು ಖಾಲಿ ಅಡಕೆ ಚೀಲ, ಸೊಂಟದಲ್ಲಿ ಕಬ್ಬಿಣದ ಕೊಕ್ಕೆ, ಕಿವಿಯ ಮೇಲೆ ದಬ್ಬಣ. ನಾನು ವಾರವಿಡೀ ಕೂಡಿಟ್ಟಿದ್ದ ರಟ್ಟಿನ ಪೆಟ್ಟಿಗೆಗಳನ್ನು ಅವನು ಎಳೆಗೂಸನ್ನು ನೋಡುವಂತೆ ನೋಡಿದ. "ಅಮ್ಮಾರ, ನಾವು ಚೀಲಾ ಹೊರೋ ಮಂದಿ. ಚೀಲದಾಗಿದ್ರ ಗುಡ್ಡಾನೂ ಹೊರ್ತೀವ್ರಿ. ಡಬ್ಬಿ ಹೆಗಲಿಗೆ ಕುಂದ್ರಂಗಿಲ್ರಿ" ಎಂದ. ಅಷ್ಟೇ. ನನ್ನ ಪೆಟ್ಟಿಗೆಗಳು ಒಂದೊಂದಾಗಿ ಚೀಲದೊಳಗೆ ಇಳಿದವು. ಪೆಟ್ಟಿಗೆಯ ಮೇಲೆ ನಾನು ಕಾನ್ವೆಂಟಿನ ದುಂಡು ಅಕ್ಷರದಲ್ಲಿ ಅಡಿಗೆಮನೆ, ಗಾಜು, ನಿಧಾನ ಎಂದೆಲ್ಲ ಬರೆದಿದ್ದೆ, ಬಾಣಗಳನ್ನೂ ಹಾಕಿದ್ದೆ. ಎಲ್ಲವೂ ಗೋಣಿಯ ಕತ್ತಲೆಗೆ ಹೋದವು. ಹೊರಗೆ ಉಳಿದದ್ದು ಫಕೀರಪ್ಪ ಕಪ್ಪು ಬಣ್ಣದಲ್ಲಿ ಬರೆದ ಗುರುತು ಮಾತ್ರ: ನಮ್ಮವರ ಹೆಸರಿನ "ಗ. ಹೆ.", ಅದರ ಕೆಳಗೆ ಒಂದು ಅಂಕಿ. ಯಾರ್ಡಿಗೆ ಬರುವ ಅಡಕೆಗೆ ಹಾಗೇ ಬರೆಯುವುದಂತೆ. ಹೊತ್ತು ಏರುವ ಮೊದಲೇ ನನ್ನ ಸಂಸಾರ ಒಂದೇ ಬಣ್ಣದ, ಒಂದೇ ಆಕಾರದ, ಬಾಯಿ ಹೊಲಿದ ಮೂವತ್ತೊಂದು ಮೂಟೆಯಾಗಿ ಜಗಲಿಯಲ್ಲಿ ಕುಳಿತಿತ್ತು. ಹೊರಗೆ ಉಳಿದವು ಕಪಾಟು, ಫ್ರಿಜ್ಜು, ಮಂಚಗಳು ಮಾತ್ರ, ಬಹುಶಃ ಅವುಗಳಿಗೆ ತಕ್ಕ ಚೀಲ ಸಿಗದೆ.

ಭರಣಿಯ ಸರದಿ ಬಂದಾಗ ನಾನು ಅಡ್ಡ ನಿಂತೆ. "ಇದನ್ನ ಮಲಗಿಸಬಾರದು. ಕೊಕ್ಕೆ ಹಾಕಬಾರದು. ನಿಲ್ಲಿಸಿಯೇ ಒಯ್ಯಬೇಕು." ಫಕೀರಪ್ಪ ನನ್ನ ಮುಖವನ್ನೂ ನೋಡದೆ, ದಬ್ಬಣಕ್ಕೆ ದಾರ ಪೋಣಿಸುತ್ತ, "ಹೂಂ ರಿ" ಎಂದ. ನಾನು ಇನ್ನೊಮ್ಮೆ ಹೇಳಿದೆ. ಇನ್ನೊಮ್ಮೆ "ಹೂಂ ರಿ". ಇಂಥ "ಹೂಂ"ಗಳನ್ನು ನಾನು ನಮ್ಮವರ ಬಾಯಲ್ಲಿ ಬೇಕಾದಷ್ಟು ಕೇಳಿದ್ದೇನೆ.

ಹಾಗಿದ್ದರೆ ಅತ್ತೆ ಹೇಳಿದಂತೆ ಬಸ್ಸಿನಲ್ಲಿ ತೊಡೆಯ ಮೇಲೆ ಯಾಕೆ ಒಯ್ಯಲಿಲ್ಲ ಎಂದು ನೀವು ಕೇಳುತ್ತೀರಿ. ಒಂದು ಕೈಯಲ್ಲಿ ದೇವರ ಪೆಟ್ಟಿಗೆ, ಇನ್ನೊಂದರಲ್ಲಿ ದೀಪದ ಕಂಬ ಇತ್ತು ಎಂದು ಹೇಳಬಹುದು. ದೇವರು, ದೀಪ ಎರಡೂ ಮನೆಯವರ ಕೈಯಲ್ಲೇ ಮೊದಲು ಹೊಸ ಮನೆ ಸೇರಬೇಕಲ್ಲ. ಆದರೆ ನಿಜ ಬೇರೆ. ಇಸ್ತ್ರಿ ಮಾಡಿದ ಸೀರೆ ಉಟ್ಟು, ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ, ಉಪ್ಪಿನಕಾಯಿ ಭರಣಿ ತಬ್ಬಿಕೊಂಡು ನಿಂತಿರುವಾಗ ಜೊತೆಯಲ್ಲಿ ಓದಿದವರು ಯಾರಾದರೂ ಕಂಡರೆ? ಈ ಒಂದು ಯೋಚನೆಗಾಗಿ ಅದನ್ನು ಚೀಲಕ್ಕೆ ಹಾಕಿಸಿದೆ.

ನಮ್ಮವರು ಬೆಳಿಗ್ಗೆಯೇ ಹೋಗಿ ಯಲ್ಲಾಪುರದ ಬ್ಯಾಂಕಿನಲ್ಲಿ ಹಾಜರಾಗಿದ್ದರು. ನಾನು ಮಧ್ಯಾಹ್ನದ ಹೊತ್ತಿಗೆ ಹೊಸ ಮನೆಯ ಬೀಗ ತೆಗೆದು, ದೀಪ ಹಚ್ಚಿ, ಹಾಲು ಉಕ್ಕಿಸಿ, ಗಾಡಿಯ ದಾರಿ ಕಾಯುತ್ತ ಬರಿಯ ನೆಲದ ಮೇಲೆ ಕುಳಿತೆ. ಗೋಡೆಯಲ್ಲಿ ಹನ್ನೊಂದು ಮೊಳೆ. ಹಿಂದಿದ್ದವರಿಗೆ ನೇತುಹಾಕಲು ಏನೇನಿತ್ತೋ ಎಂದು ಯೋಚಿಸುತ್ತಿರುವಾಗ ಅತ್ತೆಯ ಫೋನು.

"ಭರಣಿ ತೊಡೆ ಮೇಲೇ ಇತ್ತನೇ?"

"ಹೌದು ಅತ್ತೆ, ತೊಡೆ ಮೇಲೇ ಇತ್ತು" ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಮಂಚಿಕೇರಿ ಹತ್ರ ಬಸ್ಸು ಎಗರಿತು, ಎರಡೂ ಕೈಯಲ್ಲಿ ಹಿಡ್ಕಂಡೆ. ಒಂದು ಹನಿ ಚೆಲ್ಲಿದ್ದಿಲ್ಲೆ." ಸುಳ್ಳು ಹೇಳುವ ಅಭ್ಯಾಸವಿಲ್ಲದವರಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗುವುದಿಲ್ಲ.

ಮೂರು ಗಂಟೆಗೆ ಗಾಡಿ ಬಂತು. ಖಾದರಣ್ಣ ಇಳಿದು ತಾಡಪಾಲು ಬಿಚ್ಚಿದ. ಬಿಚ್ಚಿದವನು ಹಾಗೇ ನಿಂತ. ಕಪಾಟಿತ್ತು, ಫ್ರಿಜ್ಜಿತ್ತು, ಮಂಚಗಳಿದ್ದವು. ಒಂದೇ ಒಂದು ಚೀಲವಿರಲಿಲ್ಲ.

"ಅಕ್ಕಾ," ಎಂದ ಅವನು ಬಲು ಮೆಲ್ಲಗೆ, "ನೀವು ಮೊದ್ಲು ಸ್ವಲ್ಪ ಕೂತ್ಕೊಳ್ಳಿ."

ಕೂರಲು ಏನೂ ಇಳಿದಿರಲಿಲ್ಲ. ನಿಂತೇ ಕೇಳಿದೆ. ಮಂಚಿಕೇರಿಯಲ್ಲಿ ಗುರುತಿನ ಹೆಗಡೆಯವರೊಬ್ಬರು ಕೈ ಮಾಡಿ, ಹೇಗೂ ಹೋಗುತ್ತೀಯಲ್ಲ ಎಂದು ಯಲ್ಲಾಪುರದ ಯಾರ್ಡಿಗೆ ಆರು ಚೀಲ ಅಡಕೆ ಹೇರಿದರಂತೆ. ಗಾಡಿಯಲ್ಲಿ ಜಾಗವಿರುವಾಗ ಇಲ್ಲ ಎನ್ನುವುದು ಇಲ್ಲಿ ಯಾರಿಗೂ ಬರುವುದಿಲ್ಲ. ಖಾದರಣ್ಣ ಯಾರ್ಡಿನಲ್ಲಿ ಗಾಡಿ ನಿಲ್ಲಿಸಿ, ಆರು ಚೀಲ ಇಳಿಸಿಕೊಳ್ಳಿ ಎಂದು ಕೂಗಿ, ನಮಾಜಿಗೆ ಹೋದ. ಗದ್ದಲದಲ್ಲಿ ಆರು ಎಂಬುದು ಕೇಳಿಸದ ಅಲ್ಲಿನ ಹಮಾಲರು ನೋಡಿದರು: ಎಲ್ಲವೂ ಅಡಕೆ ಚೀಲ, ಎಲ್ಲದರ ಮೇಲೂ ಕಪ್ಪು ಗುರುತು, ಅಂಕಿ. ಒಂದೂ ಬಿಡದೆ ಇಳಿಸಿದರು.

"ಗಾಡಿ ಹಗುರ ಆದದ್ದು ಗೊತ್ತಾಗಲಿಲ್ಲವಾ ಖಾದರಣ್ಣ?"

"ತಾಡಪಾಲು ಎಷ್ಟು ಚೆಂದ ಕಟ್ಟಿದ್ರು ಅಂದ್ರೆ ಅಕ್ಕಾ, ಅನುಮಾನವೇ ಬರ್ಲಿಲ್ಲ."

ನನಗೆ ಹೊಳೆದದ್ದು ಒಂದೇ. ಯಾರ್ಡಿನಲ್ಲಿ ಟೆಂಡರಿಗೆ ಮೊದಲು ಚೀಲದ ಬಾಯಿ ಬಿಚ್ಚಿ ಅಡಕೆಯನ್ನು ನೆಲಕ್ಕೆ ರಾಶಿ ಸುರಿಯುತ್ತಾರೆ. ವ್ಯಾಪಾರಸ್ಥರು ಕೈಯಾಡಿಸಿ ನೋಡಬೇಕಲ್ಲ. ಶಿರಸಿಯಲ್ಲಿ ಬೆಳೆದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. "ಸುರಿಯುವುದು" ಎಂದರೆ ಚೀಲವನ್ನು ಬುಡಮೇಲು ಮಾಡುವುದು. ಜೀವನದಲ್ಲಿ ಮೊದಲ ಸಲ ಲಾರಿಯ ಮುಂದಿನ ಸೀಟು ಹತ್ತಿದೆ. ಇಸ್ತ್ರಿ ಸೀರೆ, ಬಸ್‌ಸ್ಟ್ಯಾಂಡು, ಜೊತೆಯಲ್ಲಿ ಓದಿದವರು, ಯಾವುದೂ ನೆನಪಾಗಲಿಲ್ಲ.

ಯಾರ್ಡಿನಲ್ಲಿ ಏಳೆಂಟು ಮಂದಿ ಗುಂಪು ಕಟ್ಟಿದ್ದರು. ಹೆಗಡೆಯವರ ಅಡಕೆ ಒಂದು ಅಚ್ಚುಕಟ್ಟಾದ ರಾಶಿ. ಪಕ್ಕದಲ್ಲಿ ನಮ್ಮದು. ಒಂದು ಚೀಲ ಆಗಲೇ ಸುರಿದಾಗಿತ್ತು. ನಮ್ಮವರ ಅಂಗಿಗಳು, ಸೊಳ್ಳೆ ಪರದೆ, ಲಟ್ಟಣಿಗೆ, ಸೌಟು ಚಮಚಗಳು, ಮತ್ತು ಸೀಟಿ ಕೂಗದ ನಾಲ್ಕು ಹಾಲಿನ ಪಾತ್ರೆಗಳು ಮೊದಲ ಸಲ ಹಗಲು ಬೆಳಕಿನಲ್ಲಿ ಮಿನುಗುತ್ತಿದ್ದವು. ರಾಶಿಯ ಮೇಲೆ ಲಾಟ್ ನಂಬರಿನ ಚೀಟಿ. ಬಿಳಿ ಟೋಪಿಯ ಹಿರಿಯ ವ್ಯಾಪಾರಸ್ಥರೊಬ್ಬರು ಲಟ್ಟಣಿಗೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತ, "ತಂಗಿ, ಈ ಜಾತಿ ಅಡಕೆಗೆ ಎಂತ ದರ ಬರೆಯವು?" ಎಂದರು. ಎಲ್ಲರೂ ನಕ್ಕರು. ಉಳಿದ ಚೀಲಗಳು ಸಾಲಾಗಿ ಬಿದ್ದಿದ್ದವು, ಮಲಗಿದ್ದವು, ಒಂದರ ಮೇಲೊಂದು ಏರಿದ್ದವು. ಯಾವುದರಲ್ಲಿ ಭರಣಿ? ನನ್ನ ದುಂಡು ಅಕ್ಷರವೂ ಬಾಣವೂ ಒಳಗಿದ್ದವು. ಖಾದರಣ್ಣನ ಫೋನು ಕಸಿದುಕೊಂಡು ಶಿರಸಿಗೆ ಹಚ್ಚಿದೆ.

"ಹದಿನೇಳ್ರಿ ಅಮ್ಮಾರ," ಎಂದ ಫಕೀರಪ್ಪ, ಕಾಯುತ್ತಿದ್ದವನಂತೆ. "ಕೆಂಪು ದಾರ ಹಾಕಿ ಹೊಲದೀನ್ರಿ. ಕೆಂಪು ದಾರ ಅಂದ್ರ ಮಾಲಕರು ಬರೂತನಾ ಯಾರೂ ಬಿಚ್ಚಂಗಿಲ್ಲ, ಕೊಕ್ಕಿ ಹಚ್ಚಂಗಿಲ್ಲ. ಯಾವ ಯಾರ್ಡಿಗೆ ಹೋದ್ರೂ ಹಮಾಲ್ರಿಗೆ ಗೊತ್ತಿರ್ತೈತ್ರಿ. ನೀವು ಎರಡೆರಡು ಸಲ ಹೇಳಿದ್ರಲ್ರಿ?"

ತಿರುಗಿ ನೋಡಿದರೆ, ಗದ್ದಲದಿಂದ ದೂರ, ಕಂಬಕ್ಕೆ ಒರಗಿಸಿ, ನೆಟ್ಟಗೆ ನಿಲ್ಲಿಸಿದ ಒಂದೇ ಒಂದು ಚೀಲ. ಬಾಯಿಗೆ ಕೆಂಪು ದಾರ. ಮಾಲಕರು ಬಂದಾಯಿತಲ್ಲ ಎಂದು ಅಲ್ಲಿಯ ಹಮಾಲ ದಾರ ಕತ್ತರಿಸಿದ. ಮುಚ್ಚಳ ಸರಿಸಿದೆ. ಒಂದು ಹನಿ ಚೆಲ್ಲಿರಲಿಲ್ಲ. ನನ್ನ ಸುಳ್ಳಿನ ಆ ಒಂದು ಭಾಗವಾದರೂ ನಿಜವಾಗಿತ್ತು.

ಅಪ್ಪೆಮಿಡಿಯ ಪರಿಮಳ ಯಾರ್ಡಿನ ತುಂಬ ಹರಡಿದ್ದೇ ಎಲ್ಲರೂ ಭರಣಿಯತ್ತ ತಿರುಗಿದರು. ಬಿಳಿ ಟೋಪಿಯವರು ಲಟ್ಟಣಿಗೆಯನ್ನು ಕೆಳಗಿಟ್ಟರು. ಅಷ್ಟು ಮಂದಿ ಹಾಗೆ ನೋಡುತ್ತಿರುವಾಗ ಮುಚ್ಚಳ ಹಾಕಿಕೊಂಡು ಬರುವುದು ನನ್ನಿಂದಾಗಲಿಲ್ಲ. ರಾಶಿಯಿಂದ ಒಂದು ಸೌಟು ಆರಿಸಿ, ಸೆರಗಿನಲ್ಲಿ ಒರೆಸಿ, ಎಲ್ಲರಿಗೂ ಒಂದೊಂದು ಮಿಡಿ ಕೊಟ್ಟೆ. ಖಾದರಣ್ಣನಿಗೆ ಎರಡು. ಹಿರಿಯರು ಕಣ್ಣು ಮುಚ್ಚಿ ತೊಟ್ಟಿನವರೆಗೂ ಕಚ್ಚಿ, ಯಾವ ಊರಿನ ಮಿಡಿ ಎಂದು ಕೇಳಿದರು. ನಿಲ್ಕುಂದ ಎಂದೆ. ಯಾರ ಮನೆ ಎಂದರು. ಅದನ್ನೂ ಹೇಳಿದೆ. ಅಲ್ಲಿ ಹೇಳಬಾರದಿತ್ತು.

ಮಾರನೇ ದಿನ ಅತ್ತೆ ಬಂದರು. ಬಂದವರೇ ಮನೆ ನೋಡಲಿಲ್ಲ, ಭರಣಿ ನೋಡಿದರು. ಊಟಕ್ಕೆ ಕುಳಿತು, ಅನ್ನ ಕಲಸುವ ಮೊದಲೇ ಮಿಡಿ ಕಚ್ಚಿದರು. ನಾನು ಮಜ್ಜಿಗೆಯ ತಂಬಿಗೆ ಹಿಡಿದು ನಿಂತಿದ್ದೆ. ನಮ್ಮವರು ತಟ್ಟೆಯಿಂದ ತಲೆ ಎತ್ತಲಿಲ್ಲ. ಅವರಿಗೆ ಬ್ಯಾಂಕಿನಲ್ಲಿ ಬೆಳಗಿನಿಂದ ಬಂದವರೆಲ್ಲ, ಸಾಹೇಬರ ಅಂಗಿಗೆ ದರ ಎಷ್ಟು ಬಿತ್ತು ಎಂದು ಕೇಳಿ ಹೋಗಿದ್ದರು.

"ಮಿಡಿ ಚೊಲೋ ಬೈಂದು" ಎಂದರು ಅತ್ತೆ.

ಹದಿನೆಂಟು ವರ್ಷದ ಸಂಸಾರದಲ್ಲಿ ಅವರ ಬಾಯಿಂದ ನನಗೆ ಸಿಕ್ಕ ಮೊದಲ ಹೊಗಳಿಕೆ. ನನಗೆ ಕೂರಬೇಕೆನಿಸಿತು.

"ಯಾರ್ಡಲ್ಲೂ ಎಲ್ಲರೂ ಹಂಗೇ ಹೇಳಿದ್ವಡ." ಅವರು ಇನ್ನೊಂದು ಮಿಡಿ ಹಾಕಿಸಿಕೊಂಡರು. "ಆ ಬಿಳಿ ಟೋಪಿಯಂವ ಯನ್ನ ತವರು ಊರಂವ. ನಿನ್ನೆ ಸಂಜೆಯೇ ಫೋನ್ ಮಾಡಿದ್ದ." ನಿಧಾನವಾಗಿ ಅಗಿದು, ನುಂಗಿ, ನನ್ನ ಮುಖ ನೋಡಿದರು. "ಅಲ್ದೇ ಕೂಸೆ, ಶಿರಸಿ ಬಸ್ಸು ಈಗ ಯಾರ್ಡಿನ ಒಳಗೂ ಹೋಗ್ತ?"

ನಮ್ಮವರಿಗೆ ಅನ್ನ ನೆತ್ತಿಗೇರಿತು. ನಾನು ಮಜ್ಜಿಗೆ ಬಡಿಸಿದೆ, ತಟ್ಟೆಯ ಹೊರಗೂ ಸ್ವಲ್ಪ.

ಈಗ ವಾರ ಕಳೆದಿದೆ. ಸೀಟಿ ಪಾತ್ರೆಗಳು ಹೊಸ ಅಟ್ಟ ಹತ್ತಿವೆ. ನಮ್ಮವರ ಅಂಗಿಗಳಿಗೆ ಎಷ್ಟು ಒಗೆದರೂ ಅಡಕೆ ಚೀಲದ ವಾಸನೆ. ನಿನ್ನೆ ಮಧ್ಯಾಹ್ನ ಇಂಗ್ಲೆಂಡಿನಿಂದ ಮಾರ್ಗರೆಟ್ ಮತ್ತೆ ಬರೆದಿದ್ದಳು: ಸ್ಥಳೀಯ ಕಂಪನಿ ಸಿಕ್ಕಿತೇ, ಜಾಗ್ರತೆಯವರೇ, ಸಾಗಿಸುವಾಗ ಏನಾದರೂ ಒಡೆಯಿತೇ? ಸಿಸ್ಟರ ಹುಬ್ಬನ್ನು ನೆನೆದುಕೊಂಡು ನಾನು ನೀಟಾಗಿ ಉತ್ತರ ಬರೆದೆ. ಕಂಪನಿ ಸಿಕ್ಕಿತು, ಬಲು ಜಾಗ್ರತೆಯವರು, ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾರೆ, ಆದರೆ ಕೇಳಿಸಿಕೊಂಡೆವೆಂದು ತೋರಿಸುವುದಿಲ್ಲ. ಒಂದು ಚಮಚವೂ ಕಳೆಯಲಿಲ್ಲ. ಒಡೆದದ್ದು ಒಂದೇ ಒಂದು, ಅದೂ ಮಾರನೇ ದಿನ ಅತ್ತೆಯ ತಟ್ಟೆಯ ಮುಂದೆ. ಅದನ್ನು ಗ್ರಾಹಕಳು ತಾನೇ ಕೈಯಾರೆ ಕಟ್ಟಿದ್ದಳು, ಆದ್ದರಿಂದ ಕಂಪನಿ ಹೊಣೆಯಲ್ಲ.